ನಿಂತಲ್ಲೇ ಹತ್ತುವ ದೀಪ

ವೈರಕ್ಕನ ವರ್ಕ್‌ಶಾಪಿಗೆ ಬಂದವರು ಮೊದಲು ಎದುರಿಸಬೇಕಾದದ್ದು ಅವಳ ನೋಟವನ್ನು. ಗಾಡಿಯ ಕಡೆ ಕಣ್ಣು ಹಾಯಿಸುವ ಮೊದಲೇ ಅವಳು ಗಾಡಿ ತಂದವರನ್ನು ಅಡಿಯಿಂದ ಮುಡಿಯವರೆಗೆ ಅಳೆದುಬಿಡುತ್ತಿದ್ದಳು. "ನಿನ್ನೆ ತನಕ ಸರಿಯಾಗಿತ್ತು, ಇವತ್ತು ಇದ್ದಕ್ಕಿದ್ದ ಹಾಗೆ ಹೀಗಾಯ್ತು" ಎಂದು ಯಾರಾದರೂ ಶುರು ಮಾಡಿದರೆ, "ಇದ್ದಕ್ಕಿದ್ದ ಹಾಗೆ ಏನೂ ಆಗಲ್ಲ. ಯಾರು ಕೈ ಹಾಕಿದ್ರು, ಅದನ್ನ ಹೇಳಿ" ಎನ್ನುತ್ತಿದ್ದಳು. ಬಹಳಷ್ಟು ಸಲ ಯಾರೋ ಕೈ ಹಾಕಿಯೇ ಇರುತ್ತಿದ್ದರು. ಹೊಸ ಸ್ಪೀಕರ್ ಕೂರಿಸಲು ಹೋಗಿ ಇನ್ಯಾವುದೋ ವೈರನ್ನು ಕತ್ತರಿಸಿದ ಭಾವನೋ, ಫ್ಯೂಸ್ ಸುಟ್ಟಿತೆಂದು ಅದರ ಜಾಗಕ್ಕೆ ತಂತಿ ತುಂಡು ಸಿಕ್ಕಿಸಿದ ಪಕ್ಕದ ಮನೆಯ ಮಹಾನುಭಾವನೋ ಕೊನೆಗೆ ಬಯಲಿಗೆ ಬರುತ್ತಿದ್ದ.

ಎಂಜಿನ್ ಬಿಚ್ಚುವವರು, ತಗಡು ತಟ್ಟುವವರು, ಬಣ್ಣ ಹೊಡೆಯುವವರು ಆ ಬೀದಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ವೈರಿನ ತಂಟೆ ಬಂದರೆ ಮಾತ್ರ ಎಲ್ಲರೂ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದದ್ದು ಟೈರ್ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಶೆಡ್ಡಿಗೆ. ಅಲ್ಲಿ ಒಂದು ಕಾರು ನಿಲ್ಲಿಸಿದರೆ ಅದರ ಸುತ್ತ ಅಡ್ಡಡ್ಡವಾಗಿಯೇ ಓಡಾಡಬೇಕು. ಗೋಡೆಯ ಮೊಳೆಗಳಲ್ಲಿ ಬಣ್ಣದ ಪ್ರಕಾರ ವೈರಿನ ಸುರುಳಿಗಳು. ಮೇಜಿನ ಮೇಲೆ ಬೆಸುಗೆಯ ಕೋಲು, ಮೀಟರು, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಸ್ಕ್ಯಾನರು. ಆ ಸ್ಕ್ಯಾನರನ್ನು ಕಾರಿಗೆ ಸಿಕ್ಕಿಸಿದರೆ ಎಲ್ಲಿ ಏನು ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಅವಳು ಅದರ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು, ನಂಬುತ್ತಿರಲಿಲ್ಲ. "ಇದು ಚಾಡಿ ಹೇಳೋ ಯಂತ್ರ. ಯಾರ ಮೇಲೆ ಹೇಳುತ್ತೆ ಅನ್ನೋದು ಸರಿ. ಯಾಕೆ ಅನ್ನೋದನ್ನ ನಾವೇ ನೋಡಬೇಕು" ಎನ್ನುತ್ತಿದ್ದಳು.

ಅನುಮಾನ ಅವಳಿಗೆ ಕಸುಬಿನಿಂದ ಬಂದದ್ದೋ, ಬದುಕಿನಿಂದ ಬಂದದ್ದೋ ಹೇಳುವುದು ಕಷ್ಟ. ಹಿಂದೊಮ್ಮೆ ಅವಳಿಗೆ ಗಂಡನ ಮೇಲೆ ಅನುಮಾನ ಬಂದಿತ್ತು. ಎಲ್ಲರೂ ಅವಳ ಬಾಯಿ ಮುಚ್ಚಿಸಿದರು; ಇಂಥ ಒಳ್ಳೆಯವನ ಮೇಲೆ ಗೂಬೆ ಕೂರಿಸುತ್ತೀಯಾ ಎಂದರು. ಆಮೇಲೆ ನೋಡಿದರೆ ಅವಳ ಅನುಮಾನ ಅಕ್ಷರಶಃ ನಿಜವಾಗಿತ್ತು. ಗಂಡ ಹೋದದ್ದಕ್ಕಿಂತ ತನ್ನ ಅನುಮಾನ ನಿಜವಾದದ್ದೇ ಅವಳನ್ನು ಹೆಚ್ಚು ಕೆಡಿಸಿತು. ಅಲ್ಲಿಂದ ಮುಂದೆ ಅನುಮಾನ ಪಡದೆ ಇರುವುದೇ ದಡ್ಡತನ ಎಂದು ತೀರ್ಮಾನಿಸಿದಳು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದುಕೊಂಡು, ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದಳು. ಡಾಕ್ಟರು ರಕ್ತದೊತ್ತಡ ಸರಿಯಿದೆ ಎಂದರೆ, "ಇನ್ನೊಂದು ಕೈಯಲ್ಲೂ ನೋಡಿಬಿಡಿ" ಎನ್ನುತ್ತಿದ್ದಳು.

ಅವಳು ಅನುಮಾನ ಪಡದಿದ್ದ ಮನುಷ್ಯ ಲೋಕದಲ್ಲಿ ಒಬ್ಬನಿದ್ದರೆ ಅದು ಅಪ್ಪ.

ಅಪ್ಪ ಆಯುಷ್ಯವೆಲ್ಲ ಬಸ್ ಓಡಿಸಿದವನು. ಬೆಳಿಗ್ಗೆ ಡಿಪೋದಲ್ಲಿ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದೊಂದು ಚಕ್ರವನ್ನೂ ತಟ್ಟಿ ಸದ್ದು ಕೇಳಿ, ಕೆಳಗೆ ಬಗ್ಗಿ ನೆಲದಲ್ಲಿ ಎಣ್ಣೆಯ ಹನಿ ಇದೆಯೇ ಎಂದು ನೋಡಿ, ಆಮೇಲಷ್ಟೇ ಹತ್ತಿ ಕೂರುತ್ತಿದ್ದ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಒಂದೇ ಒಂದು ಹತ್ತಿದ್ದರೂ ಕೆಳಗಿಳಿದುಬಿಡುತ್ತಿದ್ದ. ಮೇಲಧಿಕಾರಿ ಬಂದು ಗದರಿದರೂ ಅಷ್ಟೆ, ಪ್ರಯಾಣಿಕರು ಕೂಗಾಡಿದರೂ ಅಷ್ಟೆ. "ದೀಪ ಹತ್ತಿದ ಗಾಡಿನ ನಾನು ರಸ್ತೆಗೆ ಇಳಿಸಲ್ಲ" ಎಂಬುದು ಅವನ ಒಂದೇ ಮಾತು. ನಿವೃತ್ತನಾದ ಮೇಲೆ ಒಂದು ಚಿಕ್ಕ ಕಾರು ಕೊಂಡ. ಅದನ್ನು ಒರೆಸಿ ಒರೆಸಿ, ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಅಮ್ಮ ತಮಾಷೆ ಮಾಡುವಷ್ಟು ಹೊಳೆಯಿಸಿದ್ದ. ಅಮ್ಮನಿಗೆ ಕೈಬೆರಳಿನ ಗಂಟುಗಳೆಲ್ಲ ಊದಿ, ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಬೆರಳುಗಳಿಗೆ ವ್ಯಾಯಾಮ ಮಾಡಿಸಬೇಕಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಬರುವುದೇ ಈಗ ಅವನ ದೊಡ್ಡ ಡ್ಯೂಟಿ. ಅದೇ ಮನೆಯಲ್ಲಿ ವೈರಕ್ಕನ ತಮ್ಮನೂ ಇದ್ದ. ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ.

ಒಂದು ಆಸ್ಪತ್ರೆಯ ದಿನ ಬೆಳಿಗ್ಗೆ ತಮ್ಮನ ಫೋನು ಬಂತು.

"ಅಕ್ಕ, ಅಪ್ಪನ ಕಾರಲ್ಲಿ ಎಬಿಎಸ್ ದೀಪ ಹತ್ತಿದೆ. ಅಪ್ಪ ಗಾಡಿ ತೆಗಿಯಲ್ಲ ಅಂತ ಕೂತಿದಾರೆ. ಅಮ್ಮನ್ನ ಬಾಡಿಗೆ ಗಾಡಿಲಿ ಕಳಿಸ್ತಿದೀನಿ. ಇದನ್ನ ನಿನ್ನ ಹತ್ರ ತಂದು ಬಿಡ್ಲಾ?"

"ಬ್ರೇಕ್ ಹಿಡಿತಿದೆಯಾ?"

"ಚೆನ್ನಾಗೇ ಹಿಡಿತಿದೆ."

ತಂದು ನಿಲ್ಲಿಸಿದಾಗ ದೀಪ ಆರಿಹೋಗಿತ್ತು. ಅಪ್ಪ ಎಂದಿನಂತೆ ಹಿಂದಿನ ಸೀಟು ಕೊಡವಿ ಒರೆಸಿ ಕೊಟ್ಟ ಮೇಲೆ ಹೊರಟೆ, ಬೀದಿಯ ತಿರುವು ದಾಟುವಷ್ಟರಲ್ಲಿ ತಾನಾಗಿಯೇ ಆರಿತು ಎಂದ ತಮ್ಮ. ವೈರಕ್ಕ ಅವನ ಮುಖವನ್ನೇ ನೋಡಿದಳು. ಡಾಕ್ಟರ ಮುಂದೆ ಕೂತೊಡನೆ ಮಾಯವಾಗುವ ಹಲ್ಲುನೋವಿನಂಥ ಈ ತೊಂದರೆಗಳೆಂದರೆ ಅವಳಿಗೆ ಮೈಯೆಲ್ಲ ಉರಿ.

ಎಬಿಎಸ್ ಎಂದರೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಒಂದೊಂದು ಚಕ್ರದ ಬಳಿಯೂ ಒಂದು ಪುಟ್ಟ ಸೆನ್ಸರು ಕೂತು, ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತಿರುತ್ತದೆ. ಅದರಲ್ಲಿ ಒಂದು ಬಾಯಿ ಮುಚ್ಚಿದರೂ ಸಾಕು, ಇಡೀ ವ್ಯವಸ್ಥೆ ತಾನು ಈ ಕೆಲಸಕ್ಕೆ ಇಲ್ಲ ಎಂದು ಕೈ ಎತ್ತಿ ಹಳದಿ ದೀಪ ಹತ್ತಿಸಿಬಿಡುತ್ತದೆ. ಮಾಮೂಲಿ ಬ್ರೇಕು ಕೆಲಸ ಮಾಡುತ್ತಲೇ ಇರುತ್ತದೆ. ಜಾರಿದಾಗ ಕೈ ಹಿಡಿಯುವವರು ಮಾತ್ರ ಇರುವುದಿಲ್ಲ.

ಸ್ಕ್ಯಾನರು ಹಿಂದಿನ ಎಡಚಕ್ರದ ಮೇಲೆ ಚಾಡಿ ಹೇಳಿತು: ಸೆನ್ಸರಿನ ಸಂಪರ್ಕ ಕಡಿದುಹೋಗಿತ್ತು, ಈಗ ಸರಿಯಿದೆ. ವೈರಕ್ಕ ಚಕ್ರ ಬಿಚ್ಚಿದಳು. ಸೆನ್ಸರಿನ ತುದಿಗೆ ಬ್ರೇಕಿನ ಕಬ್ಬಿಣದ ಪುಡಿ ಅಂಟಿತ್ತು, ಒರೆಸಿದಳು. ವೈರನ್ನು ಹಿಡಿದು ಎಳೆದಳು, ಮಡಚಿದಳು, ಅಲ್ಲಾಡಿಸಿದಳು. ಮೀಟರಿನ ಅಂಕಿ ಕದಲಲಿಲ್ಲ. ಹಿಂದಿನ ಸೀಟನ್ನು ಎತ್ತಿ, ವೈರು ಒಳಗೆ ಬಂದು ಸೇರುವ ಪ್ಲಗ್ಗನ್ನು ನೋಡಿದಳು. ಅದೂ ಕಚ್ಚಿಕೊಂಡೇ ಕೂತಿತ್ತು. ಎಲ್ಲವೂ ಸರಿ. ಎಲ್ಲವೂ ಸರಿಯಾಗಿರುವುದೇ ಅವಳಿಗೆ ಸರಿ ಕಾಣಲಿಲ್ಲ. ಕೊನೆಗೆ ಸೆನ್ಸರಿನ ಹೊಟ್ಟೆಯೊಳಗೆ ಎಲ್ಲೋ ಕೂದಲೆಳೆಯಷ್ಟು ಬಿರುಕಿರಬೇಕು, ತಣ್ಣಗಿದ್ದಾಗ ಅದು ಬಾಯಿ ಬಿಡುತ್ತಿರಬೇಕು ಎಂದುಕೊಂಡು ಹೊಸದನ್ನು ಹಾಕುವುದೇ ವಾಸಿ ಎಂದು ತೀರ್ಮಾನಿಸಿದಳು.

ಬಿಡಿಭಾಗದ ಅಂಗಡಿಯವನು ಡಬ್ಬಿ ತೆಗೆದು ಕೊಟ್ಟೊಡನೆ ಅವಳು ಅದನ್ನು ಬೆಳಕಿಗೆ ಹಿಡಿದು, ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಅಸಲಿನೇ ಅಕ್ಕ. ನಿಮಗೆ ನಕಲಿ ಕೊಟ್ಟು ನಾನು ಈ ಬೀದಿಲಿ ಬದುಕಿರೋಕಾಗುತ್ತಾ?"

"ಬದುಕಿರೋಕೆ ಜನ ಏನೇನೋ ಮಾಡ್ತಾರೆ" ಎಂದು ಅವಳು ಅಲ್ಲೇ ಕೌಂಟರಿನ ಮೇಲೆ ಮೀಟರು ಇಟ್ಟು ಪರೀಕ್ಷಿಸಿ, ಆಮೇಲೆ ತೆಗೆದುಕೊಂಡಳು.

ಸಂಜೆ ತಾನೇ ಕಾರನ್ನು ಮನೆಗೆ ಬಿಟ್ಟು ಬಂದಳು. ಅಪ್ಪ ಕೀಲಿ ತೆಗೆದುಕೊಂಡು, "ಸರಿಹೋಯ್ತಾ? ಪೂರ್ತಿ ಸರಿಹೋಯ್ತಾ?" ಎಂದು ಎರಡು ಸಲ ಕೇಳಿದ. ಅವನ ದನಿಯಲ್ಲಿ ಖುಷಿ ಇರಲಿಲ್ಲ. ತನ್ನ ಕೆಲಸದ ಮೇಲೆ ಅಪ್ಪನಿಗೆ ಅನುಮಾನವಿರಬೇಕು ಎಂದುಕೊಂಡು ಅವಳು ಒಳಗೊಳಗೇ ಹೆಮ್ಮೆಪಟ್ಟಳು. ಹಾಗೇ ಇರಬೇಕು ಎಂದು ಕಲಿಸಿದವನೇ ಅವನಲ್ಲವೆ.

ಎರಡು ಆಸ್ಪತ್ರೆಯ ಸರದಿ ನೆಟ್ಟಗೆ ಕಳೆದವು. ಮೂರನೆಯದರ ದಿನ ಬೆಳಿಗ್ಗೆ ಮತ್ತೆ ದೀಪ ಹತ್ತಿತು. ಮತ್ತೆ ತಮ್ಮ ಕಾರು ತಂದ, ಮತ್ತೆ ದಾರಿಯಲ್ಲೇ ಆರಿತು. ವೈರಕ್ಕ ಅಂಗಡಿಯವನಿಗೆ ಬೈಯಲು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ ಸ್ಕ್ಯಾನರು ಸಿಕ್ಕಿಸಿದರೆ, ಈ ಸಲ ಅದು ಬೆರಳು ತೋರಿಸಿದ್ದು ಹಿಂದಿನ ಬಲಚಕ್ರದ ಕಡೆಗೆ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಡಕ್ಕೆ ಹೊಸ ಸೆನ್ಸರು ಬಂತೆಂದು ಬಲದ್ದಕ್ಕೆ ಹೊಟ್ಟೆಕಿಚ್ಚು ಹುಟ್ಟಿತೇ? ಸ್ಕ್ಯಾನರಿನಲ್ಲಿ ಇನ್ನೂ ಒಂದು ಪುಟ ಕೆಳಗೆ ಹೋದಳು. ತೊಂದರೆ ಕಾಣಿಸಿಕೊಂಡ ಹೊತ್ತಿನಲ್ಲಿ ಕಾರಿನ ವೇಗ ಎಷ್ಟಿತ್ತು ಎಂದು ಅಲ್ಲಿ ಬರೆದಿರುತ್ತದೆ. ಸೊನ್ನೆ ಎಂದಿತ್ತು. ಹಿಂದಿನ ಸಲ ಅದನ್ನು ನೋಡದೆ ಬಿಟ್ಟದ್ದಕ್ಕೆ ತನ್ನ ತಲೆಗೆ ತಾನೇ ಮೊಟಕಿಕೊಂಡಳು. ವೈರು ಸವೆದು ಹರಿಯುವುದು ಓಡುವ ಗಾಡಿಯಲ್ಲಿ, ಹಳ್ಳ ದಿಣ್ಣೆಯ ಕುಲುಕಾಟದಲ್ಲಿ. ಮನೆ ಮುಂದೆ ನಿಂತ ಗಾಡಿಯಲ್ಲಿ, ನಿಂತಲ್ಲೇ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸಂಪರ್ಕ ಕಡಿದು, ಮತ್ತೆ ತಾನಾಗಿಯೇ ಕೂಡಿಕೊಳ್ಳಬೇಕಾದರೆ ಅದಕ್ಕೆ ಕೈ ಬೇಕು. ಮನುಷ್ಯನ ಕೈ.

ಯಾರ ಕೈ ಎಂದು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಇನ್ನು ಡ್ರೈವಿಂಗ್ ಸಾಕು ಎಂದು ತಮ್ಮ ಬಹಳ ದಿನದಿಂದ ರಾಗ ಎಳೆಯುತ್ತಿದ್ದ. ಮುದ್ರಣಾಲಯಕ್ಕೆ ಎರಡು ಬಸ್ಸು ಬದಲಿಸಿ ಹೋಗುವ ಗೋಳೂ ಅವನಿಗಿತ್ತು. ಅಪ್ಪ ಕೆಳಗಿಳಿದರೆ ಕೀಲಿ ಯಾರ ಕೈಗೆ ಬರುತ್ತದೆ? ದೀಪ ಹತ್ತಿದರೆ ಅಪ್ಪ ಗಾಡಿ ಮುಟ್ಟುವುದಿಲ್ಲ ಎಂಬುದು ಆ ಮನೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಒಂದೊಂದಾಗಿ ಎಲ್ಲವೂ ಬಂದು ಕೂತುಕೊಂಡವು, ಸರಿಯಾದ ಪ್ಲಗ್ಗು ಸರಿಯಾದ ಗೂಡಿಗೆ ಕೂತ ಹಾಗೆ.

ಅವಳು ಬಾಯಿ ಬಿಡಲಿಲ್ಲ. ಸೀಟು ಎತ್ತಿ, ಎರಡೂ ಪ್ಲಗ್ಗುಗಳ ಮೇಲೆ, ಪ್ಲಗ್ಗಿನಿಂದ ಅದರ ಗೂಡಿನವರೆಗೆ ಹಾಯುವಂತೆ, ಬಿಳಿ ಬಣ್ಣದ ಒಂದು ತೆಳುವಾದ ಗೆರೆ ಎಳೆದಳು. ಯಾರಾದರೂ ಕಿತ್ತು ಮತ್ತೆ ಸಿಕ್ಕಿಸಿದರೆ ಗೆರೆ ಮುರಿದಿರುತ್ತದೆ. ಸೀಟು ಮುಚ್ಚಿ, ಏನೂ ಆಗಿಲ್ಲವೆಂಬಂತೆ ಕಾರು ಬಿಟ್ಟು ಬರಲು ಹೋದಳು.

ಅಪ್ಪ ಅಂಗಳದಲ್ಲಿ ಒಬ್ಬನೇ ಕೂತಿದ್ದ. ಅವಳು ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

"ಅಪ್ಪಾ, ಈ ಗಾಡಿ ಹತ್ರ ತಮ್ಮ ಏನಾದ್ರೂ ಓಡಾಡ್ತಿರ್ತಾನಾ? ನೀವು ನೋಡಿದೀರಾ?"

ಅಪ್ಪ ತಟ್ಟನೆ ತಿರುಗಿದ. "ಯಾಕೆ?"

"ಯಾರೋ ಬೇಕು ಅಂತ ಮಾಡ್ತಿದಾರೆ. ನಿಮ್ಮನ್ನ ಇಳಿಸಬೇಕು ಅಂತ."

ಅಪ್ಪ ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡ. "ಹೋಗಲಿ ಬಿಡು" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದ. ಮಗನನ್ನು ಬಿಟ್ಟುಕೊಡಲಾರದೆ ನುಂಗಿಕೊಂಡ ಎಂದು ಅವಳ ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಮರುದಿನ ಮುದ್ರಣಾಲಯದ ಬಾಗಿಲಿಗೆ ಹೋಗಿ ನಿಂತಳು. ತಮ್ಮ ಮಸಿಗೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಒಳಗೆ ಯಂತ್ರ ಧಡಧಡ ಎನ್ನುತ್ತಿತ್ತು. ಹಾಗಾಗಿ ಇಬ್ಬರೂ ಜೋರಾಗಿಯೇ ಮಾತಾಡಬೇಕಾಯಿತು.

"ನಿನಗೆ ಕಾರು ಬೇಕಿದ್ರೆ ಬಾಯ್ಬಿಟ್ಟು ಕೇಳಬೇಕಿತ್ತು."

"ಏನು ಹೇಳ್ತಿದೀಯ ಅಕ್ಕ?"

"ಸೀಟಿನ ಕೆಳಗೆ ಏನಿದೆ ಅಂತ ನಿನಗೆ ಗೊತ್ತು. ನಾಟಕ ಬೇಡ."

ವಿಷಯ ಅರ್ಥವಾಗುತ್ತಿದ್ದಂತೆ ತಮ್ಮನ ಮುಖ ಕೆಂಪಗಾಯಿತು. "ಅಪ್ಪ ಓಡಿಸೋದು ಬೇಡ ಅಂತ ನಾನು ಅಪ್ಪನ ಎದುರೇ ಹೇಳಿದೀನಿ, ನಿನ್ನ ಎದುರೂ ಹೇಳಿದೀನಿ. ಕದ್ದು ವೈರು ಕೀಳೋ ದರಿದ್ರ ನನಗೆ ಬಂದಿಲ್ಲ. ನಿನಗೆ ಒಬ್ಬ ಮೋಸ ಮಾಡಿದ ಅಂತ ಊರಿಗೆಲ್ಲ ಶಿಕ್ಷೆ ಕೊಡ್ತಾ ಇದೀಯ, ಇವತ್ತು ನನ್ನ ಸರದಿ ಬಂತು ಅಷ್ಟೆ."

ಅವನು ತಿರುಗಿ ನೋಡದೆ ಒಳಗೆ ಹೋದ. ಆ ಮಾತು ಅವಳಿಗೆ ಚುಚ್ಚಿತು, ಆದರೆ ಕದಲಿಸಲಿಲ್ಲ. ಕಳ್ಳನಾದವನು ಇನ್ನೇನು ಹೇಳಿಯಾನು ಎಂದುಕೊಂಡೇ ವಾಪಸು ಬಂದಳು.

ಆಮೇಲೆ ತಮ್ಮ ಫೋನು ಮಾಡುವುದನ್ನೇ ಬಿಟ್ಟ. ಮುಂದಿನ ಸಲ ದೀಪ ಹತ್ತಿದ ಸುದ್ದಿ ಹೇಳಿದ್ದು ಅಮ್ಮ. "ನೀನೇ ಬಂದು ನೋಡು. ಅವನು ಮೂರು ದಿನದಿಂದ ಊರಲ್ಲೇ ಇಲ್ಲ, ಕೆಲಸದ ಮೇಲೆ ಹೋಗಿದಾನೆ" ಎಂದಳು.

ವೈರಕ್ಕನ ಕೈಯಲ್ಲಿದ್ದ ಬೆಸುಗೆಯ ಕೋಲು ಹಾಗೇ ನಿಂತಿತು. ಊರಲ್ಲೇ ಇಲ್ಲ. ಹಾಗಾದರೆ?

ಶೆಡ್ಡಿನ ಬಾಗಿಲೆಳೆದು ಸೀದಾ ಹೊರಟಳು. ಮನೆಯಲ್ಲಿ ಅಪ್ಪ ಮುಖ ಕ್ಷೌರಕ್ಕೆ ಕೂತಿದ್ದ. ಅವಳು ಬಂದದ್ದನ್ನು ಹೇಳಲೂ ನಿಲ್ಲದೆ ಮೊಳೆಯಿಂದ ಕೀಲಿ ತೆಗೆದುಕೊಂಡು ಕಾರಿನ ಹಿಂಬಾಗಿಲು ತೆರೆದು ಸೀಟು ಎತ್ತಿದಳು. ಎರಡು ಪ್ಲಗ್ಗೂ ಕೂತೇ ಇದ್ದವು. ಬಲಗಡೆಯದರ ಬಿಳಿ ಗೆರೆ ಇಡಿಯಾಗಿತ್ತು. ಎಡಗಡೆಯದು ಮುರಿದಿತ್ತು, ಪ್ಲಗ್ಗಿನ ಮೇಲಿನ ಅರ್ಧ ಒಂದು ಕಡೆ, ಗೂಡಿನ ಮೇಲಿನ ಅರ್ಧ ಇನ್ನೊಂದು ಕಡೆ. ಬಗ್ಗಿ ಹತ್ತಿರದಿಂದ ನೋಡಿದಳು. ಪ್ಲಾಸ್ಟಿಕ್ಕಿನ ಮೇಲೆ ಜಿಡ್ಡಿನ ಬೆರಳಚ್ಚು. ಮೂಗಿಗೆ ಘಾಟು ಬಡಿಯಿತು. ನೋವಿನ ಮುಲಾಮು. ಅಮ್ಮನ ಬೆರಳಿಗೆ ಹಚ್ಚುವ ಮುಲಾಮು.

ಅಡಿಗೆಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಒಂದು ಸಿಪ್ಪೆ ಬಿಡಿಸಲು ಎರಡು ಕೈಯೂ ಹೋರಾಡುತ್ತಿದ್ದವು. ವೈರಕ್ಕ ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ಆ ಸೀಟು ಎತ್ತಿದ್ದು ನೀನಾ?"

"ಯಾವ ಸೀಟು?"

"ಪ್ಲಗ್ಗಿನ ಮೇಲೆ ನಿನ್ನ ಮುಲಾಮಿನ ವಾಸನೆ ಇದೆ."

ಅಮ್ಮ ಬಟಾಣಿಯನ್ನು ಪಾತ್ರೆಗೆ ಹಾಕಿ, ಎರಡೂ ಕೈಗಳನ್ನು ಮಗಳ ಮುಂದೆ ಚಾಚಿದಳು. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿದ್ದವು. "ಈ ಕೈಲಿ ನಾನು ಬಾಟಲಿ ಮುಚ್ಚಳ ತೆಗಿಯಲಾರೆ. ಸೀಟು ಎತ್ತೋದು ಎಲ್ಲಿಂದ ಬಂತು." ಆಮೇಲೆ ಸ್ವಲ್ಪ ತಡೆದು, ಮಗಳನ್ನು ನೋಡದೆ ಹೇಳಿದಳು: "ಮುಲಾಮು ನಾನು ಹಚ್ಚಿಕೊಳ್ಳಲ್ಲ. ದಿನಾ ಬೆಳಿಗ್ಗೆ ನಿಮ್ಮಪ್ಪ ಹಚ್ತಾರೆ."

ಅಪ್ಪ. ವರ್ಕ್‌ಶಾಪಿಗೆ ಕಳಿಸುವ ಮೊದಲು, ಕೊಳೆಯಾದ ಗಾಡಿಯನ್ನು ಮೆಕ್ಯಾನಿಕ್ಕಿಗೆ ಕಳಿಸುವುದು ಮರ್ಯಾದೆಯಲ್ಲ ಎಂದು ಹಿಂದಿನ ಸೀಟನ್ನು ತಾನೇ ಕೊಡವಿ ಒರೆಸುತ್ತಿದ್ದ ಅಪ್ಪ. ದೀಪ ತಾನಾಗಿಯೇ ಆರುತ್ತಿದ್ದದ್ದು ಹೀಗೆ, ಒರೆಸುವ ನೆಪದಲ್ಲಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ್ದರಿಂದ. ಅಂಗಳದಲ್ಲಿ ಅಂಗೈ ನೋಡಿಕೊಂಡು ಕೂತಿದ್ದ ಅಪ್ಪ.

"ನಿನಗೆ ಗೊತ್ತಿತ್ತಾ?"

"ಯಾರು ಅನ್ನೋದು ಗೊತ್ತಿರಲಿಲ್ಲ. ಯಾಕೆ ಅನ್ನೋದು ಗೊತ್ತು" ಎಂದಳು ಅಮ್ಮ. "ಹೋಗು, ಮಾತಾಡು. ಜೋರು ಮಾಡಬೇಡ."

ಅಪ್ಪ ಕ್ಷೌರ ಮುಗಿಸಿ ಕನ್ನಡಿ ಎತ್ತಿಡುತ್ತಿದ್ದ. ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ಒಂದು ಪಟ್ಟಿ ಗಡ್ಡ ಹಾಗೇ ಉಳಿದಿತ್ತು. ವೈರಕ್ಕ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಗಿರಾಕಿಗಳನ್ನು ಹೇಗೆ ಬಾಯಿ ಬಿಡಿಸಬೇಕೆಂದು ಅವಳಿಗೆ ಗೊತ್ತಿತ್ತು. ಅಪ್ಪನನ್ನು ಹೇಗೆಂದು ಗೊತ್ತಿರಲಿಲ್ಲ.

"ಪ್ಲಗ್ಗಿಗೆ ನಾನು ಗುರುತು ಹಾಕಿದ್ದೆ ಅಪ್ಪಾ."

ಅಪ್ಪ ಕನ್ನಡಿಯನ್ನು ಮತ್ತೆ ಕೆಳಗಿಟ್ಟ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಹೊತ್ತ ಚೀಲವನ್ನು ಯಾರೋ ಇಳಿಸಿಕೊಂಡಂಥ ಒಂದು ಸಡಿಲಿಕೆ ಇತ್ತು.

"ಇಲಿ ವೈರು ಕಡಿದಾಗ ನೀನು ಸೀಟು ಎತ್ತಿದ್ಯಲ್ಲ, ಟಾರ್ಚ್ ಹಿಡಿದಿದ್ದು ನಾನೇ" ಎಂದ. "ಈ ಪ್ಲಗ್ಗು ಬಿಟ್ಟುಕೊಂಡ್ರೆ ಬರೀ ದೀಪ ಹತ್ತುತ್ತೆ ಅಂತ ನೀನೇ ಹೇಳಿದ್ದೆ. ನೆನಪಿಟ್ಕೊಂಡಿದ್ದೆ."

"ಯಾಕಪ್ಪಾ?"

ಅಪ್ಪ ಹೇಳಿದ. ಆಸ್ಪತ್ರೆಯಿಂದ ವಾಪಸು ಬರುವಾಗ, ದೊಡ್ಡ ರಸ್ತೆ ದಾಟುವ ಕಡೆ, ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಎಡಗಡೆಯಿಂದ ರಸ್ತೆಗೆ ಇಳಿದಿದ್ದಳು. ನಿಧಾನವಾಗಿಯೇ ಇಳಿದಿದ್ದಳು, ಎಲ್ಲರಿಗೂ ಕಾಣುವ ಹಾಗೆ. ಅವನಿಗೆ ಮಾತ್ರ ಕಂಡಿರಲಿಲ್ಲ. "ಇರಲೇ ಇಲ್ಲ ಅವಳು. ಖಾಲಿ ರಸ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಬಾನೆಟ್ಟಿನ ಮುಂದೆ ಇದ್ಲು. ಬ್ರೇಕ್ ತುಳಿದೆ. ಕಾಲ ಕೆಳಗೆ ಪೆಡಲು ಗಡಗಡ ಅಂತ ನಡುಗ್ತು. ಅದೇ ಎಬಿಎಸ್ ಅಲ್ವಾ, ಅದೇ ನಿಲ್ಲಿಸ್ತು. ನಾನು ನಿಲ್ಲಿಸಲಿಲ್ಲ."

"ಅವಳಿಗೆ ಏನೂ ಆಗ್ಲಿಲ್ವಲ್ಲ?"

"ಏನೂ ಆಗ್ಲಿಲ್ಲ. ನನ್ನನ್ನ ಒಂದು ಸಲ ನೋಡಿ ಹೋದ್ಲು. ಬೈದಿದ್ರೆ ಚೆನ್ನಾಗಿತ್ತು." ಅಪ್ಪ ಕ್ಷೌರದ ಕತ್ತಿಯನ್ನು ಎತ್ತಿಕೊಂಡು ಒರೆಸತೊಡಗಿದ. "ಆಯುಷ್ಯದಲ್ಲಿ ಒಂದು ನಾಯಿಗೂ ತಾಗಿಸದೆ ಬಸ್ ಓಡಿಸಿದವನು ನಾನು. ನನಗೆ ಕಾಣಲ್ಲ ಅಂತ ನನ್ನ ಬಾಯಲ್ಲಿ ಬರಲಿಲ್ಲ. ದೀಪ ಹೇಳಲಿ ಅಂತ ಬಿಟ್ಟೆ. ನೀನು ಪ್ರತಿಸಲ ಸರಿಮಾಡಿ ಸರಿಮಾಡಿ ತಂದು ನಿಲ್ಲಿಸ್ತಿದ್ದೆ. ಸರಿಹೋದ ಮೇಲೂ ತೆಗಿಯಲ್ಲ ಅಂದ್ರೆ ನೀವು ಅನುಮಾನ ಪಡ್ತೀರಿ ಅಂತ, ಎರಡು ಸಲ ಜೀವ ಕೈಯಲ್ಲಿ ಹಿಡ್ಕೊಂಡು ಹೋಗಿ ಬಂದೆ. ತಲೆನ ಹೀಗೆ ಎಡಕ್ಕೆ ತಿರುಗಿಸ್ಕೊಂಡು, ತಿರುಗಿಸ್ಕೊಂಡು."

"ಅಮ್ಮನ್ನ ಹಿಂದೆ ಕೂರಿಸ್ಕೊಂಡು" ಎಂದಳು ವೈರಕ್ಕ. ಜೋರು ಮಾಡಬಾರದೆಂದುಕೊಂಡರೂ ಮಾತು ಖಾರವಾಗಿಯೇ ಬಂತು. "ಆ ಎರಡು ಸಲದಲ್ಲಿ ಏನಾದ್ರೂ ಆಗಿದ್ರೆ?"

"ಗೊತ್ತು."

"ಮತ್ತೆ ತಮ್ಮನ ಬಗ್ಗೆ ಕೇಳಿದಾಗ ಸುಮ್ಮನಿದ್ರಿ."

ಅಪ್ಪನ ತಲೆ ತಗ್ಗಿತು. "ಅದೇ ನನಗೆ ನಿದ್ದೆ ಕೆಡಿಸಿರೋದು. ಅವನಲ್ಲ ಅಂತ ಹೇಳಬೇಕಿತ್ತು. ಹೇಳಿದ್ರೆ ನೀನು ಮತ್ತೆ ಯಾರು ಅಂತ ಕೇಳ್ತಿದ್ದೆ."

"ಅವತ್ತು ನಾನು ನಿದ್ದೆ ಮಾಡ್ತಿರಲಿಲ್ಲ" ಎಂದಿತು ಹಿಂದಿನಿಂದ ಒಂದು ದನಿ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಬ್ರೇಕ್ ಹಾಕಿದಾಗ ಅವಳನ್ನ ನೋಡಿ ಕಣ್ಣು ಮುಚ್ಕೊಂಡೆ. ತಿರುಗಿ ನನ್ನ ನೋಡಿದ್ರಲ್ಲ, ನಿದ್ದೆ ಹೋಗಿದಾಳೆ ಅಂತ ನಿಟ್ಟುಸಿರು ಬಿಟ್ರಿ. ಅದನ್ನ ಕೇಳಿ ಮತ್ತೆ ಕಣ್ಣು ತೆರೆಯೋಕೆ ನನಗೆ ಮನಸ್ಸಾಗಲಿಲ್ಲ."

ಅಪ್ಪ ಹೆಂಡತಿಯ ಕಡೆ ತಿರುಗಿದ. ಆ ಎರಡು ಸಲವೂ ತನಗೆ ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಹಿಂದೆ ಕೂತು ಬಂದವಳು ಇವಳು ಎಂಬುದು ಅವನಿಗೆ ನಿಧಾನವಾಗಿ ಇಳಿಯಿತು. "ಮತ್ತೆ ಯಾಕೆ ಹತ್ತಿ ಕೂತೆ?"

"ಹಿಂದೆ ನಾನಿದೀನಿ ಅಂದ್ರೆ ಮೆತ್ತಗೆ ಹೋಗ್ತೀರಿ ಅಂತ" ಎಂದಳು ಅಮ್ಮ.

ವೈರಕ್ಕ ಎದ್ದು, ಅಪ್ಪನ ಕೈಯಿಂದ ಕ್ಷೌರದ ಕತ್ತಿ ತೆಗೆದುಕೊಂಡು, ಎಡಗೆನ್ನೆಯ ಮೇಲೆ ಉಳಿದಿದ್ದ ಪಟ್ಟಿಯನ್ನು ತೆಗೆದಳು. ಅಪ್ಪ ಅಲ್ಲಾಡದೆ ಕೂತಿದ್ದ.

ತಮ್ಮ ಊರಿಂದ ಬಂದ ದಿನ ಅವಳು ಬಸ್ ನಿಲ್ದಾಣಕ್ಕೇ ಹೋದಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ, ಮಾತುಗಳು ತಡವರಿಸಿದವು. ತಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ಮೇಲೆ ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ ಅಕ್ಕ. ಕೇಳೋ ಮೊದಲೇ ತೀರ್ಮಾನ ಮಾಡ್ಕೊಂಡು ಬಂದ್ಯಲ್ಲ, ಅದಕ್ಕೆ" ಎಂದ. ಚೀಲವನ್ನು ಅವಳ ಕೈಗೆ ಕೊಟ್ಟು ಮುಂದೆ ನಡೆದ. ಚೀಲ ಕೊಟ್ಟನೆಂದರೆ ಕೋಪ ಅರ್ಧ ಇಳಿದಿದೆ ಎಂದು ಅವಳಿಗೆ ಗೊತ್ತಾಯಿತು. ಉಳಿದರ್ಧ ಇಳಿಯಲು ಸಮಯ ಹಿಡಿಯಿತು. ಎಷ್ಟೋ ದಿನ ಅವನು ಅವಳ ಎದುರು ಕಾರಿನ ಕೀಲಿಯನ್ನು ಮುಟ್ಟುತ್ತಲೇ ಇರಲಿಲ್ಲ. "ನೀನೇ ತೆಗಿ, ಆಮೇಲೆ ನನ್ನ ತಲೆಗೆ ಕಟ್ಟಬೇಡ" ಎನ್ನುತ್ತಿದ್ದ. ಅವಳೇ ತೆಗೆಯುತ್ತಿದ್ದಳು. ಬಿಡಿಭಾಗದ ಅಂಗಡಿಯವನಿಗೆ ಮಾತ್ರ ಅವಳು ಏನೂ ಹೇಳಲಿಲ್ಲ. ಅವನ ಮೇಲಿನ ಅನುಮಾನ ಹಾಗೇ ಇಟ್ಟುಕೊಂಡರೆ ನಷ್ಟವಿಲ್ಲ ಎನ್ನಿಸಿತು.

ಕಣ್ಣಿನ ಆಸ್ಪತ್ರೆಯಲ್ಲಿ ಅಪ್ಪನನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಗಲ್ಲ ಇಡಿಸಿ ಕೂರಿಸಿದರು. ಕೈಗೊಂದು ಗುಂಡಿ ಕೊಟ್ಟರು. ಬಟ್ಟಲಿನೊಳಗೆ ಅಲ್ಲಲ್ಲಿ ಚಿಕ್ಕ ಬೆಳಕಿನ ಚುಕ್ಕಿ ಮಿಣುಕುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ವೈರಕ್ಕ ಹಿಂದೆ ನಿಂತು ಪರದೆಯನ್ನು ನೋಡುತ್ತಿದ್ದಳು. ಬಲಗಡೆ ಚುಕ್ಕಿ ಬಂದಾಗ ಗುಂಡಿ ಟಕ್ಕೆನ್ನುತ್ತಿತ್ತು. ಎಡಗಡೆ ಬಂದಾಗ ಸದ್ದಿರಲಿಲ್ಲ. ಮತ್ತೆ ಎಡಗಡೆ, ಮತ್ತೆ ಸದ್ದಿಲ್ಲ. ಒತ್ತಪ್ಪಾ, ಒತ್ತು ಎಂದು ಅವಳ ಬೆರಳೇ ಅವಳಿಗರಿವಿಲ್ಲದೆ ಗಾಳಿಯಲ್ಲಿ ಒತ್ತುತ್ತಿತ್ತು.

ಮುಗಿದ ಮೇಲೆ ಅಪ್ಪ ತಲೆ ಎತ್ತಿ, ಯಂತ್ರವನ್ನು ಒಮ್ಮೆ ಸುತ್ತ ನೋಡಿ, ನರ್ಸಿನ ಹತ್ತಿರ ಹೇಳಿದ: "ನಿಮ್ಮ ಯಂತ್ರ ಕೆಟ್ಟಿದೆಯಮ್ಮ. ಎಡಗಡೆ ಬಲ್ಬುಗಳು ಹತ್ತುತ್ತಾನೇ ಇಲ್ಲ."

ನರ್ಸು ಉತ್ತರಕ್ಕಾಗಿ ಮಗಳ ಮುಖ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ವೈರಕ್ಕನೇ ಮೊದಲು ಆ ಯಂತ್ರದ ಮೇಲೆ ಅನುಮಾನ ಪಡುತ್ತಿದ್ದಳು. ಅವಳು ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. "ಹತ್ತುತ್ತಿದ್ವು ಅಪ್ಪಾ. ನಾನು ನೋಡಿದೆ."

ಅಪ್ಪ ಅವಳನ್ನು ದಿಟ್ಟಿಸಿದ. ಡಾಕ್ಟರು ಹೇಳಿದ್ದರೆ ಅವನು ವಾದಕ್ಕಿಳಿಯುತ್ತಿದ್ದನೋ ಏನೋ. ಮಗಳು ನೋಡದೆ ಯಾವುದನ್ನೂ ಹೇಳುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. "ಹೌದಾ" ಎಂದ. ಆಮೇಲೆ ಗುಂಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸವೆದಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಹನಿ ಔಷಧಿ ತಪ್ಪದೆ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು. ವೈರಕ್ಕ ಇನ್ನೊಬ್ಬ ಡಾಕ್ಟರ ಬಳಿಯೂ ಕರೆದುಕೊಂಡು ಹೋದಳು. ಅವರೂ ಅದನ್ನೇ ಹೇಳಿದರು.

ಕಾರು ಮನೆಯಲ್ಲೇ ಉಳಿಯಿತು. ಕೋಪ ಪೂರ್ತಿ ಇಳಿದ ಮೇಲೆ ತಮ್ಮ ಅದನ್ನು ಓಡಿಸತೊಡಗಿದ. ಅಮ್ಮನ ಪಕ್ಕಕ್ಕೆ, ಹಿಂದಿನ ಸೀಟಿಗೆ, ಅಪ್ಪ ಬಂದು ಕೂತ. ಮೊದಮೊದಲು ತಮ್ಮನ ಒಂದೊಂದು ಗೇರಿಗೂ ಹಿಂದಿನಿಂದ ಟೀಕೆ ಬರುತ್ತಿತ್ತು. ಆಮೇಲೆ ಇಬ್ಬರೂ ಸೇರಿ ಕಿಟಕಿಯಾಚೆ ನೋಡಿಕೊಂಡು, ಹಿಂದೆಂದೂ ಪುರಸೊತ್ತಿನಲ್ಲಿ ನೋಡದಿದ್ದ ಬೀದಿಗಳ ಬಗ್ಗೆ ಮಾತಾಡಿಕೊಳ್ಳತೊಡಗಿದರು.

ಹನಿ ಹಾಕುವ ಕೆಲಸ ವೈರಕ್ಕನ ಪಾಲಿಗೆ ಬಂತು. ಆ ಪುಟ್ಟ ಸೀಸೆ ಹಿಸುಕಲು ಅಮ್ಮನಿಗೆ ಆಗುತ್ತಿರಲಿಲ್ಲ, ತಮ್ಮ ಹಾಕಿದರೆ ಅರ್ಧ ಕೆನ್ನೆಯ ಮೇಲೆ. ಸಂಜೆ ಶೆಡ್ಡು ಮುಚ್ಚಿ ಅವಳು ಬರುವ ಹೊತ್ತಿಗೆ ಅಪ್ಪ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಸಿದ್ಧನಾಗಿರುತ್ತಿದ್ದ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ತಾರೀಖು ಓದುತ್ತಿದ್ದಳು, ಮುಚ್ಚಳ ಮೂಸುತ್ತಿದ್ದಳು, ಅಲ್ಲಾಡಿಸುತ್ತಿದ್ದಳು. ಅಪ್ಪ ತಾಳ್ಮೆಯಿಂದ ಕಾಯುತ್ತಿದ್ದ. ಅವಳು ಹತ್ತಿರ ಬಗ್ಗಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆಯುವ ಹೊತ್ತಿಗೆ ಸರಿಯಾಗಿ ಅವನು ಅವಳ ಮಣಿಕಟ್ಟು ಹಿಡಿದು ತಡೆಯುತ್ತಿದ್ದ.

"ಕೈ ತೊಳೆದಿದೀಯಾ?"

"ತೊಳೆದಿದೀನಿ ಅಪ್ಪಾ."

"ಎಲ್ಲಿ, ತೋರಿಸು."

ಅವಳು ಎರಡೂ ಕೈಗಳನ್ನು ಅವನ ಬಲಗಡೆಗೆ, ಅವನಿಗೆ ಚೆನ್ನಾಗಿ ಕಾಣುವ ಜಾಗಕ್ಕೆ ಹಿಡಿಯುತ್ತಿದ್ದಳು. ಅಪ್ಪ ಅಂಗೈ ನೋಡಿ, ತಿರುವಿ ಉಗುರು ನೋಡಿ, ಒಂದು ಉಗುರಿನ ಸಂದಿಯಲ್ಲಿ ಕಪ್ಪು ಕಂಡರೆ ಅಲ್ಲಿಗೆ ಬೆರಳಿಟ್ಟು ತೋರಿಸುತ್ತಿದ್ದ. ಅವಳು ಮರುಮಾತಿಲ್ಲದೆ ಎದ್ದು ಮತ್ತೆ ಸೋಪು ಹಚ್ಚಲು ಹೋಗುತ್ತಿದ್ದಳು.